ಕುಣಿಯೊಳಗ ಕುಂತಾಕಿ

ಮಗ್ಗದ ಕುಣಿಯೊಳಗ ಕಾವಿಗೆ ಕುಂತಾಳ ಬಾತುಕೋಳಿ,
ಎಡಗಡೆ ಮೂಲಿಗೆ, ಪಾವಡಿಯಿಂದ ಗೇಣುದ್ದ ದೂರ.
ಹಜರತ್‌ಬಿ ಮುಂಡರಗಿಗೆ ಮನಿ ಎತ್ತಿಕೊಂಡು ಹೋಗಾಗ
'ಎರಡ ದಿನ ಇಟ್ಕೋ ಅಕ್ಕಾ' ಅಂತ ಬಿಟ್ಟು ಹೋದ ಜೋಡಿ.
ಎರಡ ದಿನ ಎರಡ ವರ್ಷ ಆತು.
ಬೆಟಗೇರಿಯ ನಮ್ಮ ಓಣಿ ಗಟಾರವೇ ಅವಕ್ಕ ಹೊಳಿ.

ಬಚ್ಚಲ ಹಿಂದ ಹುಲ್ಲು ಹಾಸಿ ಡಬ್ಬಿ ಇಟ್ಟಿದ್ದೆ,
ಮೂಸೀನೂ ನೋಡಲಿಲ್ಲ.
ಹರಕ ನೂಲು, ಹತ್ತಿ ಧೂಳು, ತನ್ನ ಎದಿಯಿಂದ ಕಿತ್ತ ಪುಚ್ಚ
ಕೂಡಿಸಿ ಸಿಂಬಿ ಮಾಡಿಕೊಂಡು
ಹನ್ನೊಂದು ತತ್ತಿ ಮ್ಯಾಲೆ ಕುಂತಳು.

'ಎಬ್ಬಸು ಅದನ್ನ' ಅಂದ್ರು ಇವರು, ಮೊದಲ ದಿನ.
ಕಾಲು ಇಳಿಬಿಟ್ರ ಹಾವಿನಂಗ ಬುಸ್ ಅಂದಳು.
ಕಾಲು ತಗದ್ರು.
ಮರುದಿನ ಬಲಕ್ಕ ಸರದು,
ಸೊಂಟಾ ಸೊಟ್ಟ ಮಾಡಿಕೊಂಡು ನೇದ್ರು.

ಹಜರತ್‌ಬಿ ಫೋನಿನಾಗ ಹೇಳಿದ್ದು:
ದಿನಕ್ಕೊಮ್ಮೆ ಏಳ್ತಾಳ, ತತ್ತಿ ಮುಟ್ಟಬ್ಯಾಡ.
ನೆನಸಿದ ನುಚ್ಚು, ಮೂಗು ಮುಳುಗೋವಷ್ಟು ನೀರು.
ತೋಯ್ಸಿಕೊಂಡು ಬಂದ್ರ ಬೈಬ್ಯಾಡ, ಒರಸಬ್ಯಾಡ,
ಆ ಹಸೀ ಹೊಟ್ಟಿ ಬೇಕು ತತ್ತಿಗೆ.
ಒಣಗಿದ್ರ ಒಳಗಿನ ಕೂಸು ಪದರಕ್ಕ ಅಂಟ್ಕೊಂಡು ಸಾಯ್ತದ.
'ನಿನಗ ಹೆಂಗ ಗೊತ್ತ?'
'ಸತ್ತದ್ದು ನೋಡೇನಿ.'

ಸಂಜಿ ನಾಲ್ಕಕ್ಕ ಏಳಾಕಿ.
ಏಳೂ ಮುಂಚೆ ಕೊಕ್ಕಿನಿಂದ ಪುಚ್ಚ ಎಳದು ತತ್ತಿಗೆ ಹೊಚ್ಚಾಕಿ,
ನಾವು ಕೂಸಿಗೆ ಕೌದಿ ಹೊಚ್ಚಿದಂಗ.
ಕಲ್ಲಡೋಣಿಯೊಳಗ ಬಡಬಡ ಮುಳುಗಿ,
ವಾರದ್ದು ಒಮ್ಮೆಗೇ ಅನ್ನೋವಂಗ ನಾರೋ ಹಿಕ್ಕಿ ಹಾಕಿ,
ಹತ್ತು ನಿಮಿಷಕ್ಕ ಹೊಳ್ಳಿ ಬರಾಕಿ.
ಅಷ್ಟೊತ್ತು ನಾನು ರಾಟಿ ಬಿಟ್ಟು ಕುಣಿ ಕಾಯಬೇಕು
ಬೆಕ್ಕಿಗೆ, ಹೆಗ್ಗಣಕ್ಕ, ಕರೆಂಟ್ ಬಿಲ್ಲಿನ ಹುಡುಗನ ಬೂಟಿಗೆ.

ಹತ್ತನೇ ದಿನ, ಮುಟ್ಟಬ್ಯಾಡ ಅಂದದ್ದು ಮೀರಿ,
ಬಾಜೂ ಮನಿ ಮೌನೇಶ ಕುಣಿಯ ಕತ್ತಲಿಯೊಳಗ ಇಳದು
ಮೊಬೈಲ್ ಬ್ಯಾಟರಿ ಹಚ್ಚಿ ಒಂದೊಂದ ತತ್ತಿ ಹಿಡದ.
ಒಳಗ ಕೆಂಪು ಎಳಿ.
ಇವರು ಚಾಳೀಸು ಹಾಕ್ಕೊಂಡು ಭಾಳ ಹೊತ್ತು ನೋಡಿ
'ಹಾಸು ಕಟ್ಟ್ಯಾರ' ಅಂದ್ರು.
ಮೂರರೊಳಗ ಬರೇ ಹಳದಿ ಬೆಳಕು. ತಗದಿಟ್ಟಿವಿ.

ಇಪ್ಪತ್ತೊಂದಕ್ಕ ಆದದ್ದು ಇದು:
ಹಸೀ ಮೈಲೇ ಬಂದಾಕಿ ಸುತ್ತಿ ಬರದ
ಮಗ್ಗದ ಮ್ಯಾಲಿನ ಸೆರಗು ತುಳದು ಇಳದಳು.
ನಾಕು ಕೆಸರಿನ ಹೆಜ್ಜಿ, ಬೆರಳ ನಡುವ ತೊಗಲಿನ ಗುರುತು ಸೈತ,
ನಾಳೆ ಕಬಾಡಿಯವರ ಅಂಗಡಿಗೆ ಮುಟ್ಟಬೇಕಾದ ಸೀರಿಗೆ.
ಹಸಿ ಅರಿವಿ ತಂದ್ರ 'ಒಣಗಲಿ, ತಡಿ' ಅಂದ್ರು.
ಒಣಗಿದ ಮ್ಯಾಲೆ ಕೊಡವಿದ್ರ ಮೂರು ಹೋದ್ವು, ಒಂದು ಉಳೀತು.
'ಏನಿದು?' ಅಂದ್ರಂತ ಅಂಗಡ್ಯಾಗ.
'ಹೊಸಾ ಬುಟ್ಟಾ' ಅಂದು ಬಂದಾರ.
ಐವತ್ತು ರೂಪಾಯಿ ಮುರಕೊಂಡ್ರು.

ಇಪ್ಪತ್ತೆಂಟಾತು. ಏನಿಲ್ಲ.
ಇಪ್ಪತ್ತೊಂಬತ್ತರ ಮಧ್ಯಾಹ್ನ ಎಳಿ ಹರದು ಲಾಳಿ ನಿಂತಾಗ ಕೇಳಿಸ್ತು,
ಆಕಿ ಹೊಟ್ಟಿ ಕೆಳಗ ಟಕ್. ತಡದು, ಟಕ್.
ಇವರು ಹರದ ಎಳಿ ಕೈಯಾಗ ಹಿಡಕೊಂಡೇ
'ನನ್ನ ಸಪ್ಪಳಾ ಕೇಳಿ ಕಲ್ತಾವ' ಅಂದ್ರು.
ನಾನು ನಗಲಿಲ್ಲ.

ಏಳು ಹೊರಗ ಬಂದ್ವು.
ಎಂಟನೇದ್ದು ಕಡ್ಲಿಕಾಳಿನಷ್ಟು ತೂತು ಮಾಡಿ ನಿಂತೈತಿ.
ಒಂದ ದಿನ ಕಾದಳು, ಇನ್ನೊಂದ ರಾತ್ರಿ.
ಬೆಳಗಾಗೂದ್ರಾಗ ಏಳನ್ನ ಕರಕೊಂಡು ಡೋಣಿ ಕಡೆ ನಡದಳು,
ಹೊಳ್ಳಿ ನೋಡಲಿಲ್ಲ. ಆಕಿದು ತಪ್ಪಿಲ್ಲ,
ನಡಿಯೂವು ಏಳು ಅದಾವ.

ಸಿಪ್ಪಿ ಬಿಡಸಬ್ಯಾಡ, ರಗತಾ ಹರಿತದ, ಅಂದಾಳ ಹಜರತ್‌ಬಿ.
ಬಿಚ್ಚಗಿನ ನೀರಾಗ ಅಂಗೈ ತೋಯಿಸಿ ಹಿಡಕೊಂಡು ಕುಂತೇನಿ.
ಇವರು ಮಗ್ಗದ ಹಂತ್ಯಾಕ ನಿಂತು ನನ್ನ ಮಾರಿ ನೋಡ್ತಾರ.
'ನೇಯ್ರಿ' ಅಂದೆ.
'ಈಗ?'
'ಸಪ್ಪಳಾ ಬೇಕಲ್ಲ ಅದಕ್ಕ.'

ಕಾಲು ಇಳಿಬಿಟ್ರು, ಎಡಕ್ಕ, ಪುಚ್ಚದೊಳಗ.
'ಇನ್ನೂ ಬಿಚ್ಚಗ ಐತಿ' ಅಂದ್ರು,
ಲಾಳಿ ಎಸದ್ರು.